ಕಂಡಕ್ಟರ್ ಕುಶಾಲಪ್ಪನ ನೂರು ಕಿಲೋಮೀಟರು

ಸುಳ್ಯದಿಂದ ಹೊರಟು ಗುತ್ತಿಗಾರು, ಸುಬ್ರಹ್ಮಣ್ಯ, ಕಡಬ, ಉಪ್ಪಿನಂಗಡಿ ದಾರಿಯಾಗಿ ಪುತ್ತೂರಿಗೆ ಹೋಗುವ ಏಳೂವರೆಯ ಬಸ್ಸಿನಲ್ಲಿ ಕುಶಾಲಪ್ಪ ಹದಿನಾರು ವರ್ಷದಿಂದ ಕಂಡಕ್ಟರ್. ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿದರೂ ಬಸ್ಸು ವಾಲಿದ ರೀತಿಯಿಂದಲೇ ಎಲಿಮಲೆ ಬಂತು, ನೆಟ್ಟಣ ಬಂತು ಎಂದು ಹೇಳಬಲ್ಲವನು. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮುದುಕನಿಗೆ ಕಿವಿ ಕೇಳುವುದಿಲ್ಲ, ಎಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಆದರೆ ಇಂಥ ಮನುಷ್ಯನಿಗೆ ಸೈಕಲ್ ಬಿಡಲು ಬರುತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಆಲೆಟ್ಟಿಯ ಗುಡ್ಡದ ಮೇಲೆ. ಆ ಮನೆಗೆ ಇದ್ದದ್ದು ಕಾಲುದಾರಿ, ಅದರಲ್ಲಿ ಎರಡು ಕಡೆ ತೋಡು ದಾಟಬೇಕು. ಸೈಕಲನ್ನು ಹೊತ್ತುಕೊಂಡು ಹೋಗಬಹುದಿತ್ತೇ ವಿನಾ ಅದರ ಮೇಲೆ ಕೂತು ಹೋಗುವ ಹಾಗಿರಲಿಲ್ಲ. ಇಪ್ಪತ್ತೊಂದರಲ್ಲಿ ಬಸ್ಸು ಹತ್ತಿದ, ಈಗ ಮೂವತ್ತೇಳು.

1983ರ ನವೆಂಬರಿನಲ್ಲಿ, ಮಳೆ ಪೂರ್ತಿ ಬಿಟ್ಟ ಮೇಲೆ, ಪುತ್ತೂರಿನ ಒಂದು ವ್ಯಾಯಾಮಶಾಲೆಯವರು ಬಸ್ಸಿನ ಗಾಜಿಗೆ ಅಂಟಿಸಲು ಅವನ ಕೈಗೊಂದು ನೋಟೀಸು ಕೊಟ್ಟರು. ಬರುವ ಫೆಬ್ರವರಿಯ ಎರಡನೇ ಆದಿತ್ಯವಾರ ಸೈಕಲ್ ಸ್ಪರ್ಧೆ. ಸುಳ್ಯದಿಂದ ಗುತ್ತಿಗಾರು, ಸುಬ್ರಹ್ಮಣ್ಯ, ಕಡಬ ಸುತ್ತಿ ಪುತ್ತೂರಿಗೆ, ನೂರು ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಹೊರಟವರು ಸಂಜೆ ನಾಲ್ಕರೊಳಗೆ ಕಿಲ್ಲೆ ಮೈದಾನ ಮುಟ್ಟಬೇಕು. ಗೇರಿನ ಸೈಕಲ್ ಕೂಡದು, ದಿನಬಳಕೆಯ ಕರಿ ಸೈಕಲ್ ಮಾತ್ರ. ಮೊದಲ ಮೂವರಿಗೆ ಬಹುಮಾನ, ಸಮಯದೊಳಗೆ ಮುಟ್ಟಿದ ಪ್ರತಿಯೊಬ್ಬರಿಗೂ ಪದಕ.

ಮರುದಿನ ಕುಶಾಲಪ್ಪ ಅದನ್ನು ಅಂಟಿಸುವ ಮೊದಲು ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿದ. ಓದುತ್ತಾ ಓದುತ್ತಾ ಸ್ವರ ತಾನಾಗಿ ಏರಿತು. ಅದು ಅವನದೇ ಬಸ್ಸಿನ ದಾರಿ, ಸ್ಟಾಪಿಗೆ ಸ್ಟಾಪು!

ಆಲಂಕಾರಿನಲ್ಲಿ ಹತ್ತಿ ಪುತ್ತೂರು ಪೇಟೆಗೆ ಕೋಳಿಮೊಟ್ಟೆ ಒಯ್ಯುವ ಬೀಫಾತುಮ್ಮ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು. "ಎಂತ ಕಂಡಕ್ಟ್ರೇ, ಅಷ್ಟು ಜೋರು ಓದ್ತೀರಿ, ನೀವು ಹೋಗುದಾ?"

"ನನಗೆ ಸೈಕಲ್ ಬರುದಿಲ್ಲ ಬೀಫಾತುಮ್ಮ."

"ಅಯ್ಯೋ ಅಲ್ಲಾ! ಇಷ್ಟು ವರ್ಷ ಇದೇ ಮಾರ್ಗದಲ್ಲಿ ಹೋಗುದು, ಬರುದು. ಒಂದು ದಿನ ಆದ್ರೂ ಸ್ವಂತ ಕಾಲಲ್ಲಿ ಹೋಗಿ ನೋಡಿದ್ದೀರಾ ನೀವು?"

ಬಸ್ಸಿಗೆ ಬಸ್ಸೇ ನಕ್ಕಿತು. ಕುಶಾಲಪ್ಪನೂ ನಕ್ಕ. ಆದರೆ ಹನ್ನೊಂದೂವರೆಗೆ ಬಸ್ಸು ಪುತ್ತೂರು ಮುಟ್ಟಿ, ತಿರುಗಿ ಹೊರಡಲು ಅರ್ಧ ಗಂಟೆ ಬಿಡುವಿದ್ದಾಗ, ಅವನ ಕಾಲು ಊಟದ ಹೋಟೆಲಿನ ಕಡೆ ಹೋಗದೆ ವ್ಯಾಯಾಮಶಾಲೆಯ ಮೆಟ್ಟಿಲು ಹತ್ತಿತು. ಹೆಸರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತದೆ ಕೇಳಿದರು.

"ಸೈಕಲ್ ಎಷ್ಟು ವರ್ಷದಿಂದ ಬಿಡ್ತೀರಿ?"

"ನಾಳೆಯಿಂದ."

ಅವರು ಅದನ್ನು ತಮಾಷೆಯೆಂದು ತಿಳಿದು ನಗುತ್ತಾ ನಲವತ್ತೊಂದನೇ ನಂಬರು ಬರೆದುಕೊಟ್ಟರು.

ಬಸ್ಸಿನ ಡ್ರೈವರ್ ದೇವದಾಸ ರೈಗಳು ಪುತ್ತೂರಿನ ಕಡೆಯವರು, ಐವತ್ತು ದಾಟಿದವರು. ಮಾತು ಕಡಿಮೆ, ಮೀಸೆ ಜಾಸ್ತಿ. ನಂಬರಿನ ಚೀಟಿ ನೋಡಿ ಅವರು ಸ್ಟೇರಿಂಗ್ ಮೇಲಿನ ಕೈ ತೆಗೆದೇಬಿಟ್ಟರು.

"ಮಾರಾಯ, ನಿನಗೆ ಸೈಕಲ್ ಬರುದಿಲ್ಲ!"

"ಮೂರು ತಿಂಗಳು ಉಂಟಲ್ಲ ರೈಗಳೇ."

"ಮೂರು ತಿಂಗಳಲ್ಲಿ ಬೀಳ್ಲಿಕ್ಕೆ ಕಲೀಬಹುದು."

ಅದು ಸರಿಯೇ ಆಯಿತು. ಸುಳ್ಯ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ಅಂಗಡಿ ಇಟ್ಟಿದ್ದ ಅಬ್ದುಲ್ ರಹ್ಮಾನ್, ಊರವರ ಬಾಯಲ್ಲಿ ಅದ್ರಾಮಾಕ, ಒಂದು ಹಳೆಯ ಆದರೆ ಗಟ್ಟಿಮುಟ್ಟಾದ ಸೈಕಲನ್ನು ಆರಿಸಿ ಕೊಟ್ಟು, ದಿನಾ ಬೆಳಿಗ್ಗೆ ಐದೂವರೆಗೆ ಶಾಲೆಯ ಮೈದಾನಕ್ಕೆ ಬರಹೇಳಿದ. ಮೊದಲ ದಿನ ಕುಶಾಲಪ್ಪ ಏಳು ಸಲ ಬಿದ್ದ. ಎರಡನೇ ದಿನ ಐದು. ಮೂರನೇ ದಿನ ಬೀಳಲಿಲ್ಲ, ಆದರೆ ನಿಲ್ಲಿಸಲು ಗೊತ್ತಾಗದೆ ಮೈದಾನವನ್ನು ಹನ್ನೊಂದು ಸುತ್ತು ಸುತ್ತಿದ.

"ಬ್ರೇಕ್ ಹಿಡಿ! ಬ್ರೇಕ್!" ಎಂದು ಅದ್ರಾಮಾಕ ಲುಂಗಿ ಎತ್ತಿಕಟ್ಟಿ ಹಿಂದೆ ಓಡುತ್ತಿದ್ದ.

"ಬೇಡ ಅದ್ರಾಮಾಕ, ಹೋಗ್ತಾ ಉಂಟು! ಹೋಗ್ತಾ ಉಂಟು!" ಎಂದು ಕುಶಾಲಪ್ಪ ಕೂಗುತ್ತಿದ್ದ. ಮೂವತ್ತೇಳು ವರ್ಷದ ಎದೆ ಹತ್ತು ವರ್ಷದ್ದರ ಹಾಗೆ ಹಾರುತ್ತಿತ್ತು. ಹದಿನಾರು ವರ್ಷ ಅವನು ಓಡುವ ಬಸ್ಸಿನ ಒಳಗೆ ನಿಂತಿದ್ದ. ಗಾಳಿ ಬರುತ್ತಿದ್ದದ್ದು ಕಿಟಕಿಯಿಂದ. ಈಗ ಅದು ನೇರ ಮುಖಕ್ಕೆ, ಅಂಗಿಯ ಒಳಗೆ, ಕಂಕುಳಿನ ಅಡಿಯಿಂದ ಬರುತ್ತಿತ್ತು. ಅದನ್ನು ಬರಿಸುತ್ತಿದ್ದವನು ತಾನೇ ಎಂಬುದು ಅವನಿಗೆ ನಂಬಲಾಗದ ಸಂಗತಿಯಾಗಿತ್ತು.

ಮೊಣಕಾಲು, ಮೊಣಕೈ ಕೆತ್ತಿಸಿಕೊಂಡು ಮನೆಗೆ ಹೋದವನಿಗೆ ಹೆಂಡತಿ ಸೇವಂತಿ ಅರಸಿನ ಹಚ್ಚಿದಳು. ಆಲೆಟ್ಟಿಯ ಹಳೆಮನೆ ಬಿಟ್ಟು ಸುಳ್ಯದ ಅಂಚಿನಲ್ಲಿ ಬಿಡಾರ ಮಾಡಿ ಅವರಿಗೆ ಎಂಟು ವರ್ಷ. ಮನೆಯಲ್ಲಿ ಇಬ್ಬರೇ. ಅವಳು ಬೀಡಿ ಕಟ್ಟುತ್ತಿದ್ದಳು, ಕೈ ನಿಲ್ಲಿಸದೆ ಮಾತಾಡುವವಳು. ಎಲ್ಲ ಕೇಳಿಯಾದ ಮೇಲೆ ಒಂದೇ ಪ್ರಶ್ನೆ ಹಾಕಿದಳು: "ನೂರು ಕಿಲೋಮೀಟರಿನಲ್ಲಿ ಏರು ಎಷ್ಟು ಉಂಟು?"

ಹದಿನಾರು ವರ್ಷ ಓಡಾಡಿದ ಮಾರ್ಗವಾದರೂ ಅವನಿಗೆ ಗೊತ್ತಿರಲಿಲ್ಲ.

ಡಿಸೆಂಬರಿನ ಮೊದಲ ರಜೆಯ ದಿನ ಗೊತ್ತಾಯಿತು. ವಾರಕ್ಕೊಮ್ಮೆ ಮಂಗಳವಾರ ಅವನಿಗೆ ರಜೆ. ಆ ದಿನ ಬೋಜ ಎಂಬವನು ಬದಲಿ ಕಂಡಕ್ಟರ್. ಬೆಳಿಗ್ಗೆ ಸೈಕಲ್ ಹತ್ತಿ ಎಲಿಮಲೆಯ ಕಡೆ ಹೊರಟವನು ಎರಡನೇ ಏರಿನಲ್ಲೇ ಇಳಿದು, ಹ್ಯಾಂಡಲಿಗೆ ತಲೆ ಕೊಟ್ಟು ನಿಂತ. ಇಲ್ಲಿ ಇಷ್ಟು ಏರು ಯಾವಾಗ ಬಂತು? ನಿತ್ಯ ಎರಡು ಸಲ ಹೋಗುವ ಜಾಗ! ಬಸ್ಸಿನಲ್ಲಿ ಇದು ಬರೀ ತಿರುವು. ತಿರುವು ಬಂದಾಗ ಕಂಬ ಹಿಡಿಯುವುದು, ಅಷ್ಟೇ. ಕಾಲಿಗೆ ಅದು ಬೇರೆಯೇ ಮಾರ್ಗ. ಗುತ್ತಿಗಾರು ಮುಟ್ಟುವ ಮೊದಲೇ ತಿರುಗಿಸಿಕೊಂಡು ಬಂದ.

ಮರುದಿನ ಬಸ್ಸಿನಲ್ಲಿ ರೈಗಳ ಹಿಂದೆ ನಿಂತು ಕೇಳಿದ, "ರೈಗಳೇ, ಇಲ್ಲಿ ನೀವು ಯಾವ ಗೇರು?"

"ಸೆಕೆಂಡು."

"ಇಲ್ಲಿ?"

"ಥರ್ಡು. ಎಂತಕ್ಕೆ?"

ಕುಶಾಲಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು ಹಳೆಯ ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಬರೆಯತೊಡಗಿದ. ಸುಳ್ಯದಿಂದ ಪುತ್ತೂರಿನವರೆಗೆ ಯಾವ ಮರದ ಹತ್ತಿರ, ಯಾವ ಮೋರಿಯ ಹತ್ತಿರ ರೈಗಳ ಕೈ ಗೇರಿನ ಮೇಲೆ ಹೋಗುತ್ತದೆ ಎಂಬುದು ಒಂದು ವಾರದಲ್ಲಿ ಪೂರ್ತಿಯಾಯಿತು. ರೈಗಳು ಥರ್ಡಿಗೆ ಹಾಕಿದಲ್ಲಿ ಕೂತು ತುಳಿಯುವುದು, ಸೆಕೆಂಡಿಗೆ ಹಾಕಿದಲ್ಲಿ ಸೀಟು ಬಿಟ್ಟೆದ್ದು ನಿಂತು ತುಳಿಯುವುದು, ಫಸ್ಟಿಗೆ ಇಳಿಸಿದಲ್ಲಿ ಮರ್ಯಾದೆಯಿಂದ ಇಳಿದು ನೂಕುವುದು. ಅದ್ರಾಮಾಕ ಆ ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಒಳ್ಳೆದುಂಟು ಕುಶಾಲಪ್ಪ. ನೂಕುದು ಅವಮಾನ ಅಲ್ಲ. ಏರಿನಲ್ಲಿ ಹಟ ಮಾಡಿದವ ಸಮತಟ್ಟಿನಲ್ಲಿ ಸುಸ್ತಾಗಿ ಕೂತುಕೊಳ್ತಾನೆ" ಎಂದ. ಜೊತೆಗೆ ಚೈನು ಬಿಚ್ಚುವುದು, ಟ್ಯೂಬು ತೆಗೆಯುವುದು, ಪ್ಯಾಚು ಹಾಕುವುದು, ಮಾರ್ಗದ ಮಧ್ಯೆ ಏನೂ ಇಲ್ಲದಾಗ ಮಾಡುವ ಹಳೆಯ ಉಪಾಯಗಳು, ಎಲ್ಲವನ್ನೂ ಸಂಜೆಯ ಹೊತ್ತು ಕಲಿಸಿದ.

ಇತ್ತ ಬಸ್ಸಿನಲ್ಲಿ ಬೇರೆ ಮಾತೇ ಉಳಿಯಲಿಲ್ಲ. "ನಿನ್ನೆ ಎಲ್ಲಿವರೆಗೆ ಕಂಡಕ್ಟ್ರೇ?" ಎಂದು ಹತ್ತುವಾಗಲೇ ಕೇಳುವರು. ಗುತ್ತಿಗಾರು ಎಂದ ದಿನ ಗುತ್ತಿಗಾರಿನವರು ಚಪ್ಪಾಳೆ ತಟ್ಟಿದರು. ಸೀಟಿನಲ್ಲಿ ಕೂತೂ ಕೂತೂ ತೊಡೆ ಸಂದು ಕಿತ್ತುಹೋಗಿ ಅವನು ಕಾಲು ಅಗಲಿಸಿ ನಡೆಯುತ್ತಿದ್ದಾಗ, ರೈಗಳು ಕನ್ನಡಿಯಲ್ಲಿ ನೋಡಿ, "ನಿನಗೆ ನಿಂತೇ ಮಾಡುವ ಕೆಲಸ ಸಿಕ್ಕಿದ್ದು ಪುಣ್ಯ" ಎಂದರು.

ಸೇವಂತಿಯ ತರಬೇತು ಇನ್ನೊಂದು ಬಗೆಯದು. ಒಂದು ಸಂಜೆ ಬೀಡಿ ಎಲೆ ತುಂಬಿದ ಮೊರ ಬದಿಗಿಟ್ಟು ಅಂಗಳಕ್ಕೆ ಬಂದು ಸೈಕಲಿನ ಕ್ಯಾರಿಯರ್ ಮೇಲೆ ಕೂತಳು.

"ಹೋಗುವ."

"ಎಲ್ಲಿಗೆ?"

"ಗುಡ್ಡೆ ಮೇಲಿನ ಕಟ್ಟೆವರೆಗೆ. ನನ್ನನ್ನು ಎಳೀಲಿಕ್ಕೆ ಆದ್ರೆ, ನಾನಿಲ್ಲದೆ ಹೋಗುದು ಸಲೀಸು ಆಗ್ತದಲ್ಲ?"

ಮೊದಲ ದಿನ ಹತ್ತು ಮಾರು ಹೋಗಿ ಇಬ್ಬರೂ ಸೈಕಲ್ ಸಮೇತ ಬೇಲಿಯ ಮೇಲೆ ಒರಗಿದರು. ನೆರೆಮನೆಯವರು ಅಂಗಳಕ್ಕೆ ಬಂದು ನಕ್ಕರು. ಮರುದಿನವೂ ಸೇವಂತಿ ಕೂತಳು. ಜನವರಿಯ ಕೊನೆಗೆ ಕುಶಾಲಪ್ಪ ಅವಳನ್ನು ಕಟ್ಟೆಯವರೆಗೆ ಒಂದೇ ಉಸಿರಿನಲ್ಲಿ ಎಳೆದ. ಅವಳು ಹಿಂದೆ ಕೂತಲ್ಲೇ, "ಬಂತು! ಬಂತು! ಇನ್ನು ಎರಡು ತುಳೀರಿ!" ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಅವನು ಕೇಳಿರಲಿಲ್ಲ.

ಎಲ್ಲವೂ ಹೀಗೇ ಹೋಗಲಿಲ್ಲ. ಒಂದು ಮಂಗಳವಾರ ಗುತ್ತಿಗಾರು ದಾಟಿ ಕಾಡಿನ ಅಂಚಿನ ಮಾರ್ಗದಲ್ಲಿ ಒಬ್ಬನೇ ಹೋಗುವಾಗ ನಡುಮಾರ್ಗದಲ್ಲಿ ಆನೆಲದ್ದಿ ಕಂಡಿತು. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಎಡಗಡೆಯಲ್ಲಿ ಬಿದಿರು ಲಟ್ಟೆಂದಿತು. ಕುಶಾಲಪ್ಪ ಸೈಕಲ್ ತಿರುಗಿಸಿದ್ದು ಅವನಿಗೆ ನೆನಪಿಲ್ಲ. ಗುತ್ತಿಗಾರಿನ ಅಂಗಡಿಯ ಮುಂದೆ ನಿಂತದ್ದು ನೆನಪುಂಟು. ಅಂಗಡಿಯ ಜಗಲಿಯಲ್ಲಿ ಕೂತಿದ್ದ ಡೊಂಬಯ್ಯಗೌಡರು ಗಡಿಯಾರ ನೋಡಿ, "ಈಗಷ್ಟೆ ಇಲ್ಲಿಂದ ಹೋದವ ನೀನು. ಸ್ಪರ್ಧೆ ದಿನ ಆನೆಯನ್ನು ಹಿಂದೆ ಬಿಟ್ಟರೆ ಮೊದಲ ಬಹುಮಾನ ನಿನಗೇ ಮಾರಾಯ" ಎಂದರು.

ಇನ್ನೊಂದು ಮಂಗಳವಾರ ಪೆಟ್ಟು ಬಿದ್ದದ್ದು ಹೊಟ್ಟೆಯಿಂದ. ಅಂದು ಸುಬ್ರಹ್ಮಣ್ಯ, ಕಡಬ ಎರಡನ್ನೂ ದಾಟಿದ್ದ. ಉತ್ಸಾಹದಲ್ಲಿ ಬೆಳಿಗ್ಗೆ ಕುಡಿದ ಕಾಫಿ ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಬಿಸಿಲು ನೆತ್ತಿಗೆ ಬಂತು. ಆಲಂಕಾರಿನ ಹತ್ತಿರ ಮಾರ್ಗ ಇದ್ದಕ್ಕಿದ್ದಂತೆ ಎರಡಾಗಿ ಕಂಡಿತು. ಹೇಗೋ ಇಳಿದು ಬಸ್‌ಸ್ಟಾಪಿನ ಮರದ ಬುಡದಲ್ಲಿ ಕೂತ. ಅಷ್ಟರಲ್ಲಿ ಪುತ್ತೂರಿನಿಂದ ತಿರುಗಿ ಬರುವ ಅವನದೇ ಬಸ್ಸು ಬಂತು. ಇಳಿದವಳು ಬೀಫಾತುಮ್ಮ.

"ಯಾ ಅಲ್ಲಾ, ಕಂಡಕ್ಟ್ರು! ಮುಖ ಬೂದಿ ಆಗಿದೆ! ರೈಗಳೇ, ಬಸ್ಸು ತೆಗೀಬೇಡಿ, ಅಲ್ಲೇ ನಿಲ್ಲಿ!"

ಬುಟ್ಟಿಯನ್ನು ಅವನ ಪಕ್ಕದಲ್ಲೇ ಬಿಟ್ಟು ಮನೆಗೆ ಓಡಿದಳು. ಮನೆ ಮಾರ್ಗದ ಬದಿಯಲ್ಲೇ. ಒಂದು ದೊಡ್ಡ ತಟ್ಟೆಯಲ್ಲಿ ಉಪ್ಪು ಹಾಕಿದ ಗಂಜಿ, ಮೇಲೆ ಮಾವಿನ ಉಪ್ಪಿನಕಾಯಿ. ಅವನು ತಟ್ಟೆಯನ್ನು ಎತ್ತಿ ಕುಡಿದ. ಬಸ್ಸಿನ ಕಿಟಕಿಗಳಿಂದ ಇಪ್ಪತ್ತು ತಲೆಗಳು ನೋಡುತ್ತಿದ್ದವು. ಎರಡನೇ ತಟ್ಟೆಗೆ ಕಣ್ಣು ಸರಿಯಾಗಿ ಕಾಣತೊಡಗಿತು.

"ನಾನು ಅವತ್ತು ತಮಾಷೆಗೆ ಹೇಳಿದ್ದು ಮಾರಾಯ್ರೆ," ಎಂದಳು ಬೀಫಾತುಮ್ಮ. ಅವಳ ಕಣ್ಣಲ್ಲಿ ನೀರಿತ್ತು. "ಬೇಡ, ಬಿಟ್ಟುಬಿಡಿ."

"ತಮಾಷೆ ನಿಮ್ಮದು, ಬೀಫಾತುಮ್ಮ. ಸೈಕಲ್ ನನ್ನದಲ್ವಾ? ಎಪ್ಪತ್ತು ಕಿಲೋಮೀಟರು ಬಂದೆ ನಾನು! ಎಪ್ಪತ್ತು! ಇನ್ನು ಮೂವತ್ತು ಮಾತ್ರ ಬಾಕಿ!"

ಸೈಕಲನ್ನು ಬಸ್ಸಿನ ತಲೆಯ ಮೇಲೆ ಕಟ್ಟಿ, ತನ್ನದೇ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತು ಅವನು ಸುಳ್ಯಕ್ಕೆ ಬಂದ. ದಾರಿಯುದ್ದಕ್ಕೂ ನಿದ್ದೆ ಮಾಡಿದ. ಆಮೇಲೆ ಅವನು ಒಂದು ಗಂಟೆಗೊಮ್ಮೆ ಹಸಿವಿರಲಿ ಇಲ್ಲದಿರಲಿ ತಿನ್ನುವುದನ್ನು ರೂಢಿ ಮಾಡಿಕೊಂಡ.

ಸ್ಪರ್ಧೆಯ ಬೆಳಿಗ್ಗೆ ಸುಳ್ಯದ ಪೇಟೆಯಲ್ಲಿ ನಲವತ್ತೆಂಟು ಸೈಕಲ್. ಹೆಚ್ಚಿನವರು ಕಾಲೇಜಿನ ಹುಡುಗರು, ಕೆಲವರು ಪೋಸ್ಟಿನವರು, ಹಾಲಿನವರು. ಬ್ಯಾಂಡಿನವರು ಬಾರಿಸುತ್ತಿದ್ದರು. ಅದ್ರಾಮಾಕ ಚಕ್ರ ತಿರುಗಿಸಿ ಗಾಳಿ ಒತ್ತಿ ನೋಡಿದ. "ಟ್ಯೂಬು ಒಂದು ಹೆಚ್ಚಿಗೆ ಕೊಟ್ಟಿದ್ದೆ, ಚೀಲದಲ್ಲಿ ಉಂಟಲ್ಲ?" ಎಂದು ಕೇಳಿದ. ಕುಶಾಲಪ್ಪ ಹೂಂ ಎಂದ. ಸುಳ್ಳು. ಸೇವಂತಿ ಮಾಡಿಕೊಟ್ಟ ಎಳ್ಳುಂಡೆಗೆ ಜಾಗ ಸಾಲದೆ ಟ್ಯೂಬನ್ನು ಮನೆಯಲ್ಲಿ ಮೊಳೆಗೆ ನೇತುಹಾಕಿ ಬಂದಿದ್ದ.

ಏಳಕ್ಕೆ ಸೀಟಿ ಊದಿದರು. ಹುಡುಗರು ಬಾಣದ ಹಾಗೆ ಹೋದರು. ಕುಶಾಲಪ್ಪನ ಕಾಲೂ ಅವರ ಹಿಂದೆಯೇ ಎಳೆಯುತ್ತಿತ್ತು. ಆದರೆ ರಟ್ಟಿನ ಮೇಲಿನ ಲೆಕ್ಕ ಬಿಡಲಿಲ್ಲ. ಥರ್ಡಿನಲ್ಲಿ ಕೂತು, ಸೆಕೆಂಡಿನಲ್ಲಿ ನಿಂತು, ಫಸ್ಟಿನಲ್ಲಿ ಇಳಿದು ನೂಕಿದ. ಗುತ್ತಿಗಾರಿನ ಏರಿನಲ್ಲಿ ನೂಕುತ್ತಿರುವಾಗ ಹಿಂದಿನಿಂದ ಏಳೂವರೆಯ ಬಸ್ಸು ಬಂತು. ರೈಗಳು ಹಾರ್ನ್ ಒತ್ತಿ ಹಿಡಿದರು. ಕಿಟಕಿ ಕಿಟಕಿಯಿಂದ ಕೈ. "ಕಂಡಕ್ಟ್ರೇ, ಹೋಗಿ! ಹೋಗಿ! ರೈಟ್, ಪೋಯಿ!" ಅವನು ದಿನಾ ಬಸ್ಸು ಬಿಡಿಸುವ ಮಾತನ್ನೇ ಅವನಿಗೆ ಕೂಗುತ್ತಾ ಬಸ್ಸು ತಿರುವಿನಲ್ಲಿ ಮರೆಯಾಯಿತು. ಕಾಡಿನ ಅಂಚಿನ ಮಾರ್ಗದಲ್ಲಿ ಅಂದು ಬರೀ ಮಂಗಗಳು. ಹತ್ತೂಕಾಲಕ್ಕೆ ಸುಬ್ರಹ್ಮಣ್ಯದಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಂಡಾಗ ಅವನ ಹಿಂದೆ ಇನ್ನೂ ಹನ್ನೆರಡು ಜನ ಇದ್ದರು. ಎಳ್ಳುಂಡೆ ಬಾಯಿಗಿಟ್ಟುಕೊಂಡು, ಹಾಡು ಗುನುಗುತ್ತಾ ಹೊರಟ.

ಬಿಳಿನೆಲೆಯ ಹತ್ತಿರ ಇಳುಕಲಿನಲ್ಲಿ ಹಿಂದಿನ ಚಕ್ರ ಢಂ ಎಂದಿತು.

ಇಳಿದು ಟಯರು ಬಿಡಿಸಿ ನೋಡಿದ. ಟ್ಯೂಬು ವಾಲ್ವಿನ ಬುಡದಲ್ಲೇ ಹರಿದಿತ್ತು. ಅಲ್ಲಿ ಪ್ಯಾಚು ನಿಲ್ಲುವುದಿಲ್ಲ. ಇನ್ನೊಬ್ಬರ ಸೈಕಲ್ ತೆಗೆದುಕೊಂಡರೆ ಸ್ಪರ್ಧೆಯಿಂದ ಹೊರಗೆ. ಮೊಳೆಗೆ ನೇತುಬಿದ್ದ ಟ್ಯೂಬು ಕಣ್ಣ ಮುಂದೆ ಬಂದು, ತನಗೆ ತಾನೇ ಬೈದುಕೊಂಡ. ಒಬ್ಬೊಬ್ಬರಾಗಿ ಹಿಂದಿದ್ದವರೆಲ್ಲ ದಾಟಿ ಹೋದರು. ಆಗ ಅದ್ರಾಮಾಕ ಹೇಳಿದ್ದ ಹಳೆಯ ಉಪಾಯ ನೆನಪಾಯಿತು. ಎದುರಿನ ಮನೆಯ ಹಟ್ಟಿಯ ಮುಂದೆ ಒಬ್ಬ ಮುದುಕಿ ದನ ಕಟ್ಟುತ್ತಿದ್ದಳು. ಅಪ್ಪಿಯಕ್ಕ, ಅವಳೂ ಅವನ ಬಸ್ಸಿನವಳೇ.

"ಅಪ್ಪಿಯಕ್ಕ, ಒಂದು ಕಟ್ಟು ಬೈಹುಲ್ಲು ಬೇಕು!"

"ದನಕ್ಕಾ?"

"ಸೈಕಲ್‌ಗೆ!"

ಮುದುಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆದರೆ ಟಯರಿನ ಒಳಗೆ ಅವನು ಹುಲ್ಲು ತುರುಕುವುದನ್ನು ಕಂಡದ್ದೇ ವಿಷಯ ಅರ್ಥವಾಗಿ, "ಹಾಗೆ ಒಣಗಿದ್ದು ಹಾಕಿದ್ರೆ ಪುಡಿ ಆಗ್ತದೆ. ನೀರು ಹಾಕಿ ಹಗ್ಗದ ಹಾಗೆ ಹೊಸೀಬೇಕು" ಎಂದು ಕೂತು ಹೊಸೆಯತೊಡಗಿದಳು. ಅವಳು ಹೊಸೆದಳು, ಅವನು ತುರುಕಿದ. ಮುಕ್ಕಾಲು ಗಂಟೆ ಹಿಡಿಯಿತು. ಚಕ್ರ ಗಟ್ಟಿಯಾಯಿತು. ಹತ್ತಿ ತುಳಿದರೆ ಗದಗದ ಎನ್ನುವ ಎತ್ತಿನ ಗಾಡಿ, ಆದರೆ ಹೋಗುತ್ತಿತ್ತು.

ಕಡಬ ಮುಟ್ಟಿದಾಗ ಒಂದು ಗಂಟೆ. ಅಲ್ಲಿನ ಸೈಕಲ್ ಅಂಗಡಿಯಲ್ಲಿ ಟ್ಯೂಬು ಸಿಕ್ಕೀತೆಂದು ಆಸೆಯಿತ್ತು. ಬಾಗಿಲು ಹಾಕಿತ್ತು. "ಕಲಂದರ್ ಇಲ್ಲ. ಸೈಕಲ್ ಸ್ಪರ್ಧೆ ನೋಡ್ಲಿಕ್ಕೆ ಉಪ್ಪಿನಂಗಡಿಗೆ ಹೋಗಿದ್ದಾನೆ" ಎಂದರು ಪಕ್ಕದ ಅಂಗಡಿಯವರು. ಕಾರ್ಡಿಗೆ ಮುದ್ರೆ ಹಾಕುವವನು ಮೇಜು ಮಡಚುತ್ತಿದ್ದ. "ನೀವೇ ಕೊನೆ ಅಣ್ಣ. ಜೀಪು ಉಂಟು, ಸೈಕಲ್ ಹಿಂದೆ ಹಾಕಿ ಕೂತುಕೊಳ್ಳಿ. ಇಬ್ಬರು ಆಗ್ಲೇ ಕೂತಿದ್ದಾರೆ."

ಜೀಪಿನೊಳಗೆ ನೆರಳಿತ್ತು. ಕುಶಾಲಪ್ಪ ಅದನ್ನು ಒಮ್ಮೆ ನೋಡಿದ.

"ನಾನು ಹದಿನಾರು ವರ್ಷ ಈ ಮಾರ್ಗದಲ್ಲಿ ಕೂತ್ಕೊಂಡು, ನಿಂತ್ಕೊಂಡು ಹೋಗಿಯಾಯ್ತು ಮಾರಾಯ್ರೆ. ಮುದ್ರೆ ಹಾಕಿ."

ಎರಡು ಮೈಲು ಹೋಗುವಷ್ಟರಲ್ಲಿ ಎದುರಿನಿಂದ ಬಸ್ಸು. ರೈಗಳು ನಡುಮಾರ್ಗದಲ್ಲೇ ಬ್ರೇಕ್ ಹಾಕಿ ತಲೆ ಹೊರಗೆ ಹಾಕಿದರು.

"ಎಂತ ಮಾರಾಯ, ಚಕ್ರದಿಂದ ಹುಲ್ಲು ಬರ್ತಾ ಉಂಟು!"

"ಸಮಯ ಎಷ್ಟು ರೈಗಳೇ?"

"ಒಂದು ಇಪ್ಪತ್ತು. ನಿನಗೆ ಇನ್ನು ಎರಡು ಗಂಟೆ ನಲವತ್ತು ನಿಮಿಷ ಉಂಟು. ಏ ಕುಶಾಲಪ್ಪ, ಕೇಳು! ನೀನು ಬರ್ತಿ ಅಂತ ಬೋಜ ಪ್ರತಿ ಸ್ಟಾಪಿನಲ್ಲಿ ಕೂಗಿ ಹೇಳಿ ಬಂದಿದ್ದಾನೆ. ಅವರೆಲ್ಲ ಕಾಯ್ತಾ ಇದ್ದಾರೆ. ನನ್ನ ಮರ್ಯಾದೆ ತೆಗೀಬೇಡ!"

ಮಾತು ಕಡಿಮೆಯ ರೈಗಳು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು.

ಕಾಯುತ್ತಲೇ ಇದ್ದರು. ಪ್ರತಿ ಸ್ಟಾಪಿನಲ್ಲಿ ಐದು ಜನ, ಹತ್ತು ಜನ. ಆಲಂಕಾರಿನಲ್ಲಿ ಬೀಫಾತುಮ್ಮ ಚೊಂಬು ಹಿಡಿದು ಮಾರ್ಗದ ಮಧ್ಯಕ್ಕೇ ಬಂದು ನಿಂತಿದ್ದಳು. ಅವನು ಇಳಿಯದೆ, ಒಂದು ಕಾಲು ನೆಲಕ್ಕೂರಿ ಉಪ್ಪಿನ ಗಂಜಿತಿಳಿ ಗಟಗಟ ಕುಡಿದ. ಅವಳು ಕ್ಯಾರಿಯರ್ ಹಿಡಿದು ನೂಕಿಕೊಂಡು ಓಡಿದಳು. "ನೂಕಬಾರದು ಬೀಫಾತುಮ್ಮ, ನಿಯಮ ಉಂಟು!" ಎಂದ. ಅವಳು ಕೈ ಸುಟ್ಟ ಹಾಗೆ ಬಿಟ್ಟುಬಿಟ್ಟಳು. ರಾಮಕುಂಜದಲ್ಲಿ ಹುಲ್ಲು ಪುಡಿಯಾಗಿ ಚಕ್ರ ನೆಲ ಬಡಿಯತೊಡಗಿತು. ಅಲ್ಲಿದ್ದವರು ಗುಡ್ಡಕ್ಕೆ ಓಡಿ ಮುಳಿಹುಲ್ಲು ಕಿತ್ತು ತಂದರು. ಅವನು ತುರುಕಿ ಮತ್ತೆ ಹತ್ತಿದ.

ಉಪ್ಪಿನಂಗಡಿಗೆ ಬಂದಾಗ ಮೂರು ಗಂಟೆ ಐದು ನಿಮಿಷ. ಮುದ್ರೆಯ ಮೇಜಿನ ಸುತ್ತ ನಿಂತವರಲ್ಲಿ ಒಬ್ಬ ದಪ್ಪನೆಯ ಮನುಷ್ಯ ಹುಲ್ಲಿನ ಚಕ್ರ ನೋಡಿ ಬಿದ್ದುಬಿದ್ದು ನಗುತ್ತಿದ್ದ.

"ಇದೆಂತ ಅವತಾರ ಅಣ್ಣ? ಕಡಬದಲ್ಲಿ ನನ್ನ ಅಂಗಡಿ ಉಂಟಲ್ಲ, ಅಲ್ಲಿಂದ ಒಂದು ಟ್ಯೂಬು ತೆಗೊಳ್ಳಬಾರದಿತ್ತಾ?"

"ನೀವು ಕಲಂದರಾ? ನಿಮ್ಮ ಬಾಗಿಲು ಹಾಕಿತ್ತು!"

ಕಲಂದರನ ನಗು ನಿಂತಿತು. ಒಂದು ಕ್ಷಣ ತಲೆ ಕೆರೆದುಕೊಂಡವನು, ಪೇಟೆಯೊಳಗೆ ಓಡಿಹೋಗಿ, ಪರಿಚಯದ ಅಂಗಡಿಯಿಂದ ಟ್ಯೂಬು, ಪಂಪು ಎರಡನ್ನೂ ಹಿಡಿದು ಓಡಿಬಂದ. "ಟ್ಯೂಬು ಹಾಕ್ಲಿಕ್ಕೆ ನಿಯಮ ಉಂಟಲ್ಲ?" ಎಂದು ಮುದ್ರೆ ಹಾಕುವವನನ್ನು ಕೇಳಿದ. ಅವನು ಹೂಂ ಎಂದ. "ಸರಿ, ಸರೀರಿ ನೀವು!" ಕಲಂದರನ ಬೆರಳು ನೋಡಬೇಕಿತ್ತು. ಹುಲ್ಲು ಎಳೆದು ಬಿಸಾಡಿದ, ಟ್ಯೂಬು ಕೂರಿಸಿದ, ಸುತ್ತಲಿನವರು ಒಬ್ಬೊಬ್ಬರಾಗಿ ಗಾಳಿ ಹೊಡೆದರು. ಏಳು ನಿಮಿಷ. ಕುಶಾಲಪ್ಪ ಏರಿ ತುಳಿದರೆ ಸೈಕಲ್ ಗಾಳಿಯಲ್ಲಿ ತೇಲಿದ ಹಾಗೆ! ಹುಲ್ಲಿನ ಚಕ್ರ ತುಳಿದೂ ತುಳಿದೂ ಪಳಗಿದ ಕಾಲಿಗೆ ಈಗ ಭಾರವೇ ಇಲ್ಲ.

ಕುಮಾರಧಾರೆಯ ಸೇತುವೆ ದಾಟಿದ. ಹದಿಮೂರು ಕಿಲೋಮೀಟರು, ನಲವತ್ತೆಂಟು ನಿಮಿಷ. ಸೆಕೆಂಡ್ ಗೇರಿನ ಏರುಗಳನ್ನು ಕೂತೇ ಹತ್ತಿದ, ಫಸ್ಟ್ ಗೇರಿನ ಏರನ್ನು ನಿಂತು ಹತ್ತಿದ. ಇಳಿಯುವುದಕ್ಕೆ ಸಮಯವಿರಲಿಲ್ಲ. ದಾರಿಯಲ್ಲಿ ಮರದ ನೆರಳಿನಲ್ಲಿ ಕೂತಿದ್ದ ಇಬ್ಬರು ಹುಡುಗರು ಅವನನ್ನು ನೋಡಿ ಎದ್ದು ತಾವೂ ಹಿಂದೆ ಬಂದರು. ಕೆಮ್ಮಾಯಿ ದಾಟಿತು. ಬೊಳುವಾರಿನಲ್ಲಿ ಎಡತೊಡೆ ಗಂಟು ಹಿಡಿಯಿತು, ಬಲಗಾಲಿನಲ್ಲೇ ತುಳಿದ. ಮೈಕಿನ ಸ್ವರ ಕೇಳಿತು. "ಇನ್ನು ನಾಲ್ಕು ನಿಮಿಷ... ಯಾರಾದರೂ ಬರುವವರಿದ್ದಾರಾ..."

ಕಿಲ್ಲೆ ಮೈದಾನದ ಬಾಗಿಲಲ್ಲಿ ಸೇವಂತಿ ನಿಂತಿದ್ದಳು. ಬರುತ್ತೇನೆಂದು ಅವಳು ಹೇಳಿರಲಿಲ್ಲ. ಜಾಲ್ಸೂರಿನ ನೇರ ದಾರಿಯ ಬಸ್ಸಿನಲ್ಲಿ ಹನ್ನೆರಡಕ್ಕೇ ಬಂದು, ಬಂದವರನ್ನೆಲ್ಲ ನೋಡಿ ನೋಡಿ ಕಣ್ಣು ಸೋತಿದ್ದಳು. ಈಗ ಜನರ ನಡುವಿನಿಂದ ಮುಂದಕ್ಕೆ ನುಗ್ಗಿ, "ಬಂದ್ರು! ನಮ್ಮವರು ಬಂದ್ರು! ದಾರಿ ಬಿಡಿ!" ಎಂದು ಕೂಗಿದಳು. ಕುಶಾಲಪ್ಪ ಬಿಳಿ ಗೆರೆ ದಾಟಿದ. ಮೂರು ಐವತ್ತೇಳು. ಹಿಂದೆಯೇ ಆ ಇಬ್ಬರು ಹುಡುಗರು.

ಮೈಕಿನವರು "ನಂಬರ್ ನಲವತ್ತೊಂದು, ಕುಶಾಲಪ್ಪ, ಸುಳ್ಯ, ಇಪ್ಪತ್ತೊಂಬತ್ತನೆಯ ಸ್ಥಾನ" ಎಂದು ಹೇಳಿದಾಗ ಅವನು ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು ನಗುತ್ತಿದ್ದ. ಹದಿನೇಳು ಜನ ಬಿಸಿಲಿಗೆ ಸೋತು ನಡುದಾರಿಯಲ್ಲೇ ಬಿಟ್ಟಿದ್ದರು. ಅಂದು ಹೆಸರು ಬರೆದುಕೊಂಡವರೇ ಬಂದು ಪದಕ ಹಾಕಿದರು. ಮಲಗಿದಲ್ಲಿಗೇ ಹಾಕಬೇಕಾಯಿತು. ಆಮೇಲೆ ಸೇವಂತಿ ಅವನನ್ನು ಎಬ್ಬಿಸಿ ಹೋಟೆಲಿಗೆ ಕರೆದುಕೊಂಡು ಹೋದಳು. ಅವನು ಗೋಳಿಬಜೆ ತಿನ್ನುತ್ತಾ, ತಿನ್ನುತ್ತಾ ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಿದ. ಅವಳು ಎರಡು ಸಲ ಹೇಳಿಸಿದಳು. ಟ್ಯೂಬಿನ ವಿಷಯಕ್ಕೆ ಬಂದಾಗ ಮಾತ್ರ, "ಇನ್ನು ಮುಂದೆ ಉಂಡೆ ಕಿಸೆಯಲ್ಲಿ, ಟ್ಯೂಬು ಚೀಲದಲ್ಲಿ" ಎಂದಳು. ಮುಂದಿನ ಮೂರು ವರ್ಷವೂ ಅವನು ಆ ಸ್ಪರ್ಧೆಗೆ ಹೋದ, ಮತ್ತು ಹಾಗೆಯೇ ಹೋದ.

ಆ ಮೊದಲ ಸ್ಪರ್ಧೆಯ ಮರುದಿನ, ಸೋಮವಾರ ಬೆಳಿಗ್ಗೆ ಏಳೂಕಾಲಕ್ಕೆ ಕುಶಾಲಪ್ಪ ಕಾಕಿ ಅಂಗಿಯ ಮೇಲೆ ಪದಕ ಹಾಕಿಕೊಂಡು ಸುಳ್ಯದ ಬಸ್‌ಸ್ಟ್ಯಾಂಡಿಗೆ ಬಂದ. ಬಸ್ಸು ತುಂಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಮೆಟ್ಟಿಲಿಗೆ ಕಾಲಿಡಲು ನೋಡಿದ, ಕಾಲು ಏಳಲಿಲ್ಲ. ಇನ್ನೊಂದು ಕಾಲು ನೋಡಿದ, ಅದೂ ಏಳಲಿಲ್ಲ. ಕೈಯಿಂದ ಮಂಡಿ ಎತ್ತಿ ಇಡಲು ನೋಡಿದರೆ ಅಯ್ಯಯ್ಯೋ ಎಂದು ಕೂಗಿಕೊಂಡ. ರೈಗಳು ತಮ್ಮ ಬಾಗಿಲಿನಿಂದ ಇಳಿದು, ಸುತ್ತು ಬಂದು, ಮೀಸೆಯಡಿಯಲ್ಲಿ ನಗು ಅದುಮಿಕೊಂಡು ಅವನ ಸೊಂಟಕ್ಕೆ ಕೈ ಹಾಕಿದರು. ಒಳಗಿನಿಂದ ನಾಲ್ಕು ಜನ ಅವನ ರಟ್ಟೆ ಹಿಡಿದು ಎಳೆದರು. ಹೊಸ ಅಕ್ಕಿಮುಡಿ ಏರಿಸಿದ ಹಾಗೆ ಅವನನ್ನು ಬಸ್ಸಿನೊಳಗೆ ಏರಿಸಿ ನಿಲ್ಲಿಸಿದರು. ಬಸ್ಸು ಹೊರಟಾಗ ಹತ್ತು ನಿಮಿಷ ತಡವಾಗಿತ್ತು, ಒಬ್ಬರೂ ದೂರು ಹೇಳಲಿಲ್ಲ.